ಒಂದೇ ವೀಕೆಂಡಿನಲ್ಲಿ ಕುಮಾರಪರ್ವತ ದಾಟಿ ತಡಿಯಂಡಮೋಳ್: ಇಬ್ಬರಿಂದ ಆಗುತ್ತಾ?

ಬೆನ್ನುಚೀಲ:
ಡಿಸೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಹೊರಟಿದ್ದೇವೆ. ಶುಕ್ರವಾರ ರಾತ್ರಿ ಬೆಂಗಳೂರಿಂದ ಕುಕ್ಕೆಗೆ ಬಸ್ಸು. ಶನಿವಾರ ದರ್ಶನ, ತಿಂಡಿ ಮುಗಿಸಿ 9ಕ್ಕೆ ಹತ್ತಲು ಶುರು, ಸಂಜೆಗೆ ಕುಮಾರಪರ್ವತದ ತುದಿ, ಅಲ್ಲೇ ಟೆಂಟ್. ಭಾನುವಾರ ಬೀದಹಳ್ಳಿ ಕಡೆ ಇಳಿದು ಮಲ್ಲಳ್ಳಿ ಜಲಪಾತ, ಅಲ್ಲಿಂದ ಕೊಡಗಿನ ಕಕ್ಕಬೆಗೆ ಹೋಗಿ ತಡಿಯಂಡಮೋಳ್ ಬೆಟ್ಟ, ರಾತ್ರಿ ವಾಪಸ್ ಬಸ್ಸು. ಟೆಂಟ್ 3 ಕೆಜಿ, ಸ್ಲೀಪಿಂಗ್ ಬ್ಯಾಗ್ ಎರಡು ಸೇರಿ 3, ಸ್ಟೌ-ಪಾತ್ರೆ 2, ಅಕ್ಕಿ-ಬೇಳೆ 2, ನೀರು 6 ಲೀಟರ್, ಕ್ಯಾಮೆರಾ-ಟ್ರೈಪಾಡ್ ಮೂರೂವರೆ. ಬಟ್ಟೆಬರೆ ಎಲ್ಲ ಸೇರಿ ನನ್ನ ಬ್ಯಾಗ್ 18 ಕೆಜಿ, ಅವಳದು 13. ನನ್ನ ತೂಕ 74, ಅವಳದು 54. ದಿನಾ ಪಾರ್ಕಿನಲ್ಲಿ 5 ಕಿ.ಮೀ. ನಡೀತೀವಿ. ಎಲ್ಲಿ ಎಡವಬಹುದು?

ಘಟ್ಟದಹಾದಿ:
ಮೊದಲು ಟೆಂಟಿನ ವಿಷಯ. ತುದಿಯಲ್ಲಿ ಟೆಂಟ್ ಹಾಕುವಂತಿಲ್ಲ, ಹಾಗಾಗಿ ನಿಮ್ಮ ಶನಿವಾರದ ಯೋಜನೆ ಅಲ್ಲಿಗೇ ಬಿತ್ತು. 2024ರ ಜನವರಿಯಲ್ಲಿ ಬೆಟ್ಟದ ಮೇಲೆ ಜಾತ್ರೆಯಂತೆ ಜನ ಸೇರಿದ ಮೇಲೆ ಅರಣ್ಯ ಇಲಾಖೆ ಬಿಗಿ ಮಾಡಿದೆ. ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಮೊದಲೇ ಟಿಕೆಟ್ ತೆಗೆದುಕೊಳ್ಳದೆ ಹೋಗಬೇಡಿ. ಕುಕ್ಕೆ ಕಡೆ ಹತ್ತಿ ಬೀದಹಳ್ಳಿ ಕಡೆ ಇಳಿಯಲು ಬಿಡುತ್ತಾರಾ, ಕುಕ್ಕೆ ದಾರಿಯ ಮಧ್ಯೆ ಸಿಗುವ ಗಿರಿಗದ್ದೆಯಲ್ಲಿ ರಾತ್ರಿ ಉಳಿಯಬಹುದಾ ಎಂಬ ಎರಡನ್ನೂ ಬುಕ್ ಮಾಡುವ ಮೊದಲೇ ಇಲಾಖೆಯವರ ಹತ್ತಿರ ಕೇಳಿ. ನಿಯಮ ಆಗಾಗ ಬದಲಾಗುತ್ತೆ. ಹಳೇ ವಿಡಿಯೊ ನೋಡಿ ಹೊರಟವರು ಚೆಕ್‌ಪೋಸ್ಟಿನಲ್ಲಿ ಪೆಚ್ಚುಮೋರೆ ಹಾಕಿಕೊಂಡು ನಿಂತಿರುತ್ತಾರೆ.

ಈಗ ಲೆಕ್ಕ. ಪಾರ್ಕಿನ 5 ಕಿ.ಮೀ. ಇಲ್ಲಿ ಕೆಲಸಕ್ಕೆ ಬರಲ್ಲ. ಕುಕ್ಕೆ ಇರುವುದು ಸಮುದ್ರಮಟ್ಟದಿಂದ ಸುಮಾರು 120 ಮೀಟರಿನಲ್ಲಿ, ತುದಿ 1712 ಮೀಟರ್. ಸುಮಾರು 13 ಕಿ.ಮೀ. ದಾರಿಯಲ್ಲಿ 1600 ಮೀಟರ್ ಏರಬೇಕು. ಚಾರಣದವರ ಹಳೇ ಸೂತ್ರ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಐದೂಕಾಲು ಗಂಟೆ ಬರುತ್ತೆ. ಅದು ಬರಿಗೈಯವರಿಗೆ, ನಿಲ್ಲದೆ ನಡೆದರೆ. ಹೊರೆ, ಬಿಸಿಲು, ಊಟ ಸೇರಿಸಿ ಅರ್ಧದಷ್ಟು ಜಾಸ್ತಿ ಹಿಡಿಯಿರಿ, ಎಂಟು ಗಂಟೆ. 9ಕ್ಕೆ ಹೊರಟರೆ ಸಂಜೆ 5. ಡಿಸೆಂಬರಿನಲ್ಲಿ 6 ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಕತ್ತಲು ಇನ್ನೂ ಮುಂಚೆ. ಈ ಬೆಟ್ಟವಿರುವ ಪುಷ್ಪಗಿರಿ ವನ್ಯಧಾಮ ಆನೆ ಓಡಾಡುವ ಜಾಗ, ಟಾರ್ಚ್ ಹಿಡಿದು ನಡೆಯುವ ಯೋಚನೆ ಬಿಡಿ.

ದಾರಿಯೂ ಒಂದೇ ಥರ ಇಲ್ಲ. ಭೀಮನ ಬಂಡೆವರೆಗೆ ಬೇರು ಹೆಣೆದುಕೊಂಡ ದಟ್ಟ ಕಾಡು, ನೆರಳಿದ್ದರೂ ಬೆವರು ಆರಲ್ಲ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಕಲ್ಲು ಮಂಟಪದವರೆಗೆ ಬೋಳು ಹುಲ್ಲುಗುಡ್ಡ, ಒಂದು ಮರದ ನೆರಳೂ ಸಿಗಲ್ಲ. ಜನ ಕುಸಿಯುವುದು ಅಲ್ಲೇ, 11ರಿಂದ 2ರ ನಡುವೆ. ಆಮೇಲೆ ಶೇಷಪರ್ವತ. ಇದೇ ತುದಿ ಅಂದುಕೊಂಡು ಕೂತವರಿಗೆ ಎದುರಿಗೆ ಇನ್ನೊಂದು ಬೆಟ್ಟ ಕಾಣುತ್ತೆ. ಸ್ವಲ್ಪ ಇಳಿದು, ಶೋಲಾ ಕಾಡು (ಬೆಟ್ಟದ ಮಡಿಲಿನ ದಟ್ಟ ಕಾಡು) ಹೊಕ್ಕು, ಬಂಡೆ ಹತ್ತಿದರೆ ಕುಮಾರಪರ್ವತ.

ಭಾನುವಾರದ್ದು ಆಗದ ಮಾತು. ಇಳಿದು ಬೀದಹಳ್ಳಿ ಮುಟ್ಟಲು ಮೂರ್ನಾಲ್ಕು ಗಂಟೆ ಹಿಡಿಯುತ್ತೆ, ಅಲ್ಲಿಂದ ಸೋಮವಾರಪೇಟೆ, ಮಡಿಕೇರಿ ಮೇಲೆ ಕಕ್ಕಬೆಗೆ ನೂರು ಕಿ.ಮೀ. ಆಸುಪಾಸು ತಿರುವಿನ ರಸ್ತೆ. ತಡಿಯಂಡಮೋಳ್ 1748 ಮೀಟರ್. ಅದಕ್ಕೆ ಬೇರೆ ವಾರ ಇಟ್ಟುಕೊಳ್ಳಿ.

ಲಾಡಿಗಂಟು:
ತೂಕದ ಬಗ್ಗೆ. ಬೆನ್ನ ಮೇಲೆ ಮೈತೂಕದ ಐದನೇ ಒಂದು ಭಾಗ ಸಾಕು. ನಿಮಗೆ 15 ಕೆಜಿ, ಅವರಿಗೆ 11ರ ಒಳಗೆ. ಗಿರಿಗದ್ದೆಯಲ್ಲಿ ಉಳಿಯಲು ಅವಕಾಶ ಸಿಕ್ಕು, ಭಟ್ಟರ ಮನೆಯಲ್ಲಿ ಊಟಕ್ಕೆ ಮೊದಲೇ ಹೇಳಿಟ್ಟರೆ ಸ್ಟೌ, ಪಾತ್ರೆ, ಅಕ್ಕಿ-ಬೇಳೆ ನಾಲ್ಕೂ ಕೆಜಿ ಇಳಿಯಿತು. ಅಲ್ಲೇ ನೀರು ತುಂಬಿಕೊಳ್ಳಬಹುದು, ಕುಕ್ಕೆಯಿಂದ ತಲಾ 2 ಲೀಟರ್ ಸಾಕು. ಅಲ್ಲಿಂದ ಮೇಲಕ್ಕೆ ಮಾತ್ರ ತಲಾ 3 ಲೀಟರ್ ಬೇಕೇ ಬೇಕು. ಕಲ್ಲು ಮಂಟಪದ ಹತ್ತಿರದ ತೊರೆ ನಂಬಿ ಖಾಲಿ ಬಾಟಲಿ ಹಿಡಿದು ಹೋಗಬೇಡಿ.

ಭಾರದ್ದನ್ನು ಬೆನ್ನಿಗೆ ಅಂಟಿಸಿ, ಭುಜದ ಎಲುಬಿನ ಮಟ್ಟಕ್ಕೆ ಇಡಿ. ತಳದಲ್ಲಿ ಸ್ಲೀಪಿಂಗ್ ಬ್ಯಾಗ್. ಸೊಂಟದ ಪಟ್ಟಿ ಹೊಟ್ಟೆಗಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿದು ಆಮೇಲೆ ಭುಜದ ಪಟ್ಟಿ ಎಳೆಯಿರಿ. ಹೆಬ್ಬೆರಳು ಭುಜದ ಪಟ್ಟಿಯ ಕೆಳಗೆ ಸಲೀಸಾಗಿ ಹೋದರೆ ಹೊರೆ ಸೊಂಟಕ್ಕೆ ಬಿತ್ತು ಅಂತ ಅರ್ಥ.

ಏರಿನಲ್ಲಿ ಉಸಿರು ಹೋಗುತ್ತೆ, ಇಳಿತದಲ್ಲಿ ಮಂಡಿ. ಹುಲ್ಲುಗುಡ್ಡದ ಇಳಿಜಾರು ನೋಡಿದರೆ ಗೊತ್ತಾಗುತ್ತೆ: ಗಟ್ಟಿ ನೆಲದ ಮೇಲೆ ಕಡಲೆಕಾಳಿನಷ್ಟು ಸಣ್ಣ ಕಲ್ಲು, ಪಕ್ಕದಲ್ಲಿ ಒಣಹುಲ್ಲು ಇಳಿಜಾರಿನ ಕಡೆಗೇ ತಲೆ ಹಾಕಿ ಮಲಗಿರುತ್ತೆ. ಹುಲ್ಲು ಮೆತ್ತಗಿದೆ ಅಂತ ಅದರ ಮೇಲೆ ಕಾಲಿಟ್ಟರೆ ಜಾರುಬಂಡೆಯೇ. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆ, ಪೂರ್ತಿ ಪಾದ ಊರಿ. ಕೋಲು ಇಬ್ಬರಿಗೂ ಇರಲಿ. ಇಳಿಯುವ ಮೊದಲು ಶೂ ಲೇಸನ್ನು ಕಣಕಾಲಿನ ಹತ್ತಿರ ಮತ್ತೆ ಬಿಗಿಯಿರಿ. ಇಲ್ಲದಿದ್ದರೆ ಪಾದ ಮುಂದೆ ಜಾರಿ ಹೆಬ್ಬೆರಳ ಉಗುರು ಕಪ್ಪಾಗುತ್ತೆ. ಉಗುರು ಎರಡು ದಿನ ಮೊದಲೇ ಕತ್ತರಿಸಿ. ಹೊಸ ಶೂ ಬೇಡ. ಹಿಮ್ಮಡಿ ಉರಿ ಅನ್ನಿಸಿದ ಕೂಡಲೇ ನಿಂತು ಟೇಪ್ ಹಚ್ಚಿ, ಬೊಕ್ಕೆ ಎದ್ದ ಮೇಲೆ ಹಚ್ಚಿ ಪ್ರಯೋಜನವಿಲ್ಲ.

ಉಪ್ಪುನೀರು:
ಬರೀ ನೀರು ಕುಡಿಯುತ್ತಾ ಹೋದರೆ ತಲೆನೋವು, ವಾಕರಿಕೆ ಶುರುವಾಗುತ್ತೆ. ಬೆವರಿನಲ್ಲಿ ಹೋದ ಉಪ್ಪು ವಾಪಸ್ ಬಂದಿರಲ್ಲ. ಒಬ್ಬರಿಗೆ ದಿನಕ್ಕೆ ಎರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ, ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಅರ್ಧ ಲೀಟರಿಗೆ ಪೂರ್ತಿ ಸುರಿಯಬೇಡಿ. ತಿನ್ನಲು ಚಪಾತಿ, ಚಟ್ನಿಪುಡಿ, ಖರ್ಜೂರ, ಕಡಲೆಮಿಠಾಯಿ. ಮೊಸರನ್ನ ಮಧ್ಯಾಹ್ನಕ್ಕೆ ಹುಳಿಯಾಗಿ ನಾರುತ್ತೆ. ಡಿಸೆಂಬರಿನಲ್ಲಿ ಇಂಬಳ ಕಡಿಮೆ, ಆದರೂ ಮಳೆ ಬಂದಿದ್ದರೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು ಜೇಬಿನಲ್ಲಿರಲಿ.

ನಿಧಾನವಾಗಿ ನಡೆಯುವವರು ಮುಂದೆ ಇರಲಿ. ಗಂಡ ಮುಂದೆ ಓಡಿ, ಬಂಡೆ ಮೇಲೆ ಕೂತು ಕಾದು, ಹೆಂಡತಿ ಬಂದ ತಕ್ಷಣ ಎದ್ದರೆ ಆತನಿಗೆ ಹತ್ತು ನಿಮಿಷ ವಿಶ್ರಾಂತಿ, ಆಕೆಗೆ ಸೊನ್ನೆ. ಮಧ್ಯಾಹ್ನದ ಜಗಳದ ಮೂಲ ಇದೇ.

ಬೆನ್ನುಚೀಲ:
ತಡಿಯಂಡಮೋಳ್ ಬಿಟ್ಟೆವು. ಕುಕ್ಕೆಯಿಂದಲೇ ಹತ್ತಿ ಕುಕ್ಕೆಗೇ ಇಳಿದರೆ ವೇಳಾಪಟ್ಟಿ ಹೇಗೆ? ಟ್ರೈಪಾಡ್ ಒಯ್ಯಲೇ?

ಘಟ್ಟದಹಾದಿ:
ಉಳಿಯಲು ಅವಕಾಶ ಇದ್ದರೆ: ಶನಿವಾರ ಬೆಳಿಗ್ಗೆ ನಿದ್ದೆ, ಸ್ನಾನ, ದರ್ಶನ ಎಲ್ಲ ನಿಧಾನವಾಗಿ ಮುಗಿಸಿ, 12ಕ್ಕೆ ಕಾಡುದಾರಿ ಹಿಡಿದು ಮೂರೂವರೆ ಗಂಟೆಯಲ್ಲಿ ಗಿರಿಗದ್ದೆ. ಚಂಪಾಷಷ್ಠಿ ಜಾತ್ರೆಯ ವಾರ ಆಗಿದ್ದರೆ ಕುಕ್ಕೆಯಲ್ಲಿ ರೂಮಿನ ಆಸೆ ಬಿಡಿ. ಭಾನುವಾರ ಚೆಕ್‌ಪೋಸ್ಟ್ ತೆರೆದ ಕೂಡಲೇ, 6ರ ಸುಮಾರಿಗೆ ಸಣ್ಣ ಬ್ಯಾಗ್ ಮಾತ್ರ ಹಾಕಿ ಹೊರಡಿ: ನೀರು, ತಿಂಡಿ, ಟೇಪ್, ಗಾಳಿ ತಡೆಯುವ ಜಾಕೆಟ್. ಶೇಷಪರ್ವತದ ಮೇಲೆ ಬೆವರಿದ ಮೈಗೆ ಗಾಳಿ ಹೊಡೆದರೆ ಬಿಸಿಲಲ್ಲೂ ನಡುಕ ಬರುತ್ತೆ. 10ಕ್ಕೆ ತುದಿ. 11ರ ಹೊತ್ತಿಗೆ ಎಲ್ಲಿದ್ದೀರೋ ಅಲ್ಲಿಂದಲೇ ತಿರುಗಿ, ತುದಿ ನೂರು ಮೀಟರ್ ದೂರದಲ್ಲಿದ್ದರೂ ಸರಿ. ಎರಡಕ್ಕೆ ಗಿರಿಗದ್ದೆ, ಊಟ, ಎರಡೂವರೆಗೆ ಇಳಿದರೆ 5ರ ಸುಮಾರಿಗೆ ಕುಕ್ಕೆ. ಬಸ್ಸನ್ನು 9ರ ನಂತರದ್ದೇ ಬುಕ್ ಮಾಡಿ. ಸೋಮವಾರ ರಜೆ ಹಾಕಿ, ಮೆಟ್ಟಿಲು ಇಳಿಯಲು ತೊಡೆ ಒಪ್ಪಲ್ಲ.

ಉಳಿಯಲು ಅವಕಾಶ ಇಲ್ಲದಿದ್ದರೆ ಕುಕ್ಕೆ ಬಿಡಿ. ಸೋಮವಾರಪೇಟೆಯಲ್ಲಿ ತಂಗಿ ಬೀದಹಳ್ಳಿ ಕಡೆಯಿಂದ ಒಂದೇ ದಿನದಲ್ಲಿ ಹತ್ತಿ ಇಳಿಯಿರಿ, ದಾರಿ ಕುಕ್ಕೆ ಕಡೆಯ ಅರ್ಧದಷ್ಟು. ಮರುದಿನ ಮಲ್ಲಳ್ಳಿ.

ಟ್ರೈಪಾಡ್ ಮನೆಯಲ್ಲಿ.