ಬ್ಯಾಡ್ಜಿನ ಮೇಲಿನ ಆನೆ ಯಾರದು?

ಶಂಕರ ದೊಡ್ಡಪ್ಪ: (ಫಾರ್ವರ್ಡ್ ಮಾಡಿದ್ದು) ನಮ್ಮ ಸೇನೆಯ ಮದ್ರಾಸ್ ರೆಜಿಮೆಂಟ್ ಬ್ಯಾಡ್ಜಿನ ಮೇಲಿರುವುದು ನಮ್ಮ ಮೈಸೂರು ದಸರಾ ಆನೆ! ಶಾಲೆಯಲ್ಲಿ ಇದನ್ನು ಹೇಳಿಕೊಡುವುದಿಲ್ಲ. ಎಲ್ಲ ಕನ್ನಡಿಗರಿಗೂ ಕಳಿಸಿ 🙏🙏

ಸುಧಾ ಅತ್ತೆ: ಎಂಥ ಹೆಮ್ಮೆ! ಅಪ್ಪ ನಮ್ಮನ್ನು ಬೆಳಗ್ಗೆಯೇ ಸಯ್ಯಾಜಿರಾವ್ ರಸ್ತೆಯ ಅಂಗಡಿ ಜಗಲಿ ಮೇಲೆ ಕೂರಿಸಿಬಿಡುತ್ತಿದ್ದರು. ಚುರುಮುರಿ ತಿನ್ನುತ್ತಾ ಕಾಯುತ್ತಿದ್ದೆವು. ಆಗ ಅಂಬಾರಿ ಹೊರುತ್ತಿದ್ದುದು ದ್ರೋಣ.

ಗಿರೀಶ: ದೊಡ್ಡಪ್ಪ, ಇದಕ್ಕೆ ಆಧಾರ ಏನು?

ಶಂಕರ ದೊಡ್ಡಪ್ಪ: ಕಳಿಸಿದವರು ರಿಟೈರ್ಡ್ ಹೆಡ್‌ಮಾಸ್ಟರ್. ಸುಮ್ನೆ ಕಳಿಸುವವರಲ್ಲ.

ಗಿರೀಶ: ಅದು ಅಸ್ಸಾಯೆ ಆನೆ. 1803ರ ಸೆಪ್ಟೆಂಬರ್ 23ರಂದು, ಈಗಿನ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯ ಅಸ್ಸಾಯೆ ಹತ್ತಿರ ಬ್ರಿಟಿಷ್ ಸೇನಾಪತಿ ವೆಲ್ಲೆಸ್ಲಿಯ ಸೇನೆ ಮರಾಠರನ್ನು ಸೋಲಿಸಿತು. ಅಲ್ಲಿ ಕಾದಾಡಿದ ಮದ್ರಾಸ್ ಪಲ್ಟನ್‌ಗಳಿಗೆ ಗೌರವವಾಗಿ ಸಿಕ್ಕಿದ ಗುರುತು ಅದು. ಫೋಟೊ ದೊಡ್ಡದು ಮಾಡಿ ನೋಡಿ. ಆನೆ ನಿಂತಿರುವುದು ಗುರಾಣಿಯ ಮೇಲೆ, ಜೊತೆಗೆ ಕತ್ತರಿಯಾಗಿ ಇಟ್ಟ ಎರಡು ಕತ್ತಿ, ಹಿಡಿ ಕೆಳಗೆ.

ಶಂಕರ ದೊಡ್ಡಪ್ಪ: ಸೈನಿಕರ ವಿಷಯದಲ್ಲಿ ವಾದ ಮಾಡಬಾರದು.

ಗಿರೀಶ: ಪ್ರಾಣ ಕೊಟ್ಟು ಗಳಿಸಿದ ಗುರುತನ್ನು ಮೆರವಣಿಗೆ ಆನೆ ಅಂದರೆ ಅದು ಗೌರವವಾ?

ಮಂಜು: ಶುರುವಾಯ್ತು. ಮೆಂತ್ಯೆ ನೀರಿನ ಮೆಸೇಜಿಗೂ ನೀನು ಹೀಗೇ ಮಾಡಿದೆ. ದೊಡ್ಡಪ್ಪ ಗ್ರೂಪ್ ಬಿಟ್ಟು ಹೋದರು, ಮತ್ತೆ ಸೇರಿಸುವಷ್ಟರಲ್ಲಿ ನನಗೆ ಸಾಕಾಯ್ತು.

ರಮಾ ಚಿಕ್ಕಮ್ಮ: ನಮ್ಮ ಗೃಹಪ್ರವೇಶಕ್ಕೆ ಬರಲು ಇವನಿಗೆ ಪುರುಸೊತ್ತಿರಲಿಲ್ಲ.

ಗಿರೀಶ: ಚಿಕ್ಕಮ್ಮ, ಆಗ ಪರೀಕ್ಷೆ ಇತ್ತು ಅಂತ ಎಷ್ಟು ಸಲ ಹೇಳಲಿ?

ಕಾವ್ಯ: ಮೈಸೂರಿನ ನಂಟು ನಿಜವಾಗಿಯೂ ಇದೆ ದೊಡ್ಡಪ್ಪ. ಟಿಪ್ಪು ಸತ್ತು ಆಗ ನಾಲ್ಕೇ ವರ್ಷ. ಅಸ್ಸಾಯೆಯಲ್ಲಿ ವೆಲ್ಲೆಸ್ಲಿ ಜೊತೆ ಮೈಸೂರಿನ ಕುದುರೆ ಸವಾರರೂ ಇದ್ದರು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಮೈಸೂರು ಇನ್‌ಫೆಂಟ್ರಿ ಇದೇ ಮದ್ರಾಸ್ ರೆಜಿಮೆಂಟಿಗೆ ಸೇರಿ 18ನೇ ಬೆಟಾಲಿಯನ್ ಆಯ್ತು. ಗಂಡಭೇರುಂಡದ ನಾಡಿನವರು ಆನೆ ಬ್ಯಾಡ್ಜ್ ತೊಟ್ಟದ್ದು ಹೀಗೆ. ಇದನ್ನು ಕಳಿಸಿ, ದಸರಾ ಕತೆಗಿಂತ ಚೆನ್ನಾಗಿದೆ.

ಪ್ರಸಾದ ಮಾವ: ಸೆಪ್ಟೆಂಬರ್ 23 ಅಂದರೆ ಹೈಫಾ ಯುದ್ಧ ಅಲ್ವಾ?

ಕಾವ್ಯ: ಮಾವ, ತಾರೀಖು ಅದೇ, ಆದರೆ ಈಗಿನ ಇಸ್ರೇಲಿನ ಹೈಫಾದಲ್ಲಿ ಯುದ್ಧ ಆದದ್ದು 1918ರಲ್ಲಿ. ಅಲ್ಲಿ ಕಾದಾಡಿದ್ದು ಮೈಸೂರ್ ಲ್ಯಾನ್ಸರ್ಸ್, ಕುದುರೆ ಪಡೆ.

ಶಂಕರ ದೊಡ್ಡಪ್ಪ: ನಾನು ಹೇಳಿದ್ದೂ ಅದೇ. ಮೈಸೂರಿಗೆ ನಂಟಿದೆ.

ಗಿರೀಶ: ನೀವು ಹೇಳಿದ್ದು ದಸರಾ ಆನೆ ಅಂತ! ಮೇಲೆ ಹೋಗಿ ನೋಡಿ.

ಶಂಕರ ದೊಡ್ಡಪ್ಪ: ಕಾವ್ಯ ಬರೆದದ್ದನ್ನು ಹೆಡ್‌ಮಾಸ್ಟರಿಗೆ ಕಳಿಸಿದ್ದೇನೆ. ನಿನ್ನದನ್ನು ಕಳಿಸಿಲ್ಲ.

ಗಿರೀಶ: ಅಸ್ಸಾಯೆ ಅಂತ ಮೊದಲು ಹೇಳಿದ್ದು ನಾನು!

ಶಂಕರ ದೊಡ್ಡಪ್ಪ: ಅವಳು ಮರ್ಯಾದೆಯಿಂದ ಹೇಳಿದಳು.