ಜನಮತಗಣನೆಯ ‘ಕನಿಷ್ಠ ಮತದಾನ’ಕ್ಕೆ ‘ಕೋರಂ’ ಎನ್ನಬಹುದೇ?

ನಮಸ್ಕಾರ.

ನಗರಾಡಳಿತದ ಜನಮತಗಣನೆಗಳ ಬಗ್ಗೆ ಬರೆಯುತ್ತಿದ್ದೇನೆ, ಒಂದು ಪದ ಸಿಗುತ್ತಿಲ್ಲ. ನೇರ ಆಯ್ಕೆಯ ಮೇಯರ್ ಬೇಕೇ, ವಿಮಾನ ನಿಲ್ದಾಣ ಉಳಿಯಬೇಕೇ, ವಿದ್ಯುತ್ ಜಾಲವನ್ನು ಕಂಪನಿಗಳಿಂದ ಮರಳಿ ಕೊಳ್ಳಬೇಕೇ ಎಂಬಂಥ ಪ್ರಶ್ನೆಗಳನ್ನು ಕೆಲವು ನಗರಗಳು ಮತದಾರರ ಮುಂದೆಯೇ ಇಡುತ್ತವೆ. ಹಲವು ಕಡೆ ಅದಕ್ಕೊಂದು ಷರತ್ತು ಇರುತ್ತದೆ. ಬಂದ ಮತಗಳಲ್ಲಿ ಬಹುಮತ ಸಿಕ್ಕರಷ್ಟೇ ಸಾಲದು. ಮತದಾರರ ಪಟ್ಟಿಯಲ್ಲಿರುವವರ ಪೈಕಿ ಇಂತಿಷ್ಟು ಮಂದಿ ಮತ ಹಾಕಿರಬೇಕು, ಇಲ್ಲವೇ ಇಂತಿಷ್ಟು ಮಂದಿ ‘ಹೌದು’ ಎಂದಿರಬೇಕು. ಈ ಷರತ್ತಿಗೆ ಕನ್ನಡದಲ್ಲಿ ಏನೆನ್ನೋಣ?

ಮೊದಲು ಹೊಳೆಯುವುದು ‘ಕೋರಂ’. ಸೊಸೈಟಿಯ ಸಭೆಯಿಂದ ವಿಧಾನಸಭೆಯವರೆಗೆ ಬಳಕೆಯಲ್ಲಿರುವ ಪದ, ಯಾರಿಗೂ ವಿವರಿಸಬೇಕಿಲ್ಲ. ‘ಗಣಪೂರ್ತಿ’ ನಿಘಂಟಿನಲ್ಲಿದೆ, ಬಾಯಲ್ಲಿಲ್ಲ. ಆದರೆ ಕೋರಂ ಎಂದೊಡನೆ ನಮ್ಮ ಕಿವಿಗೆ ಕೇಳುವುದು ‘ಕೋರಂ ಇಲ್ಲದೆ ಸಭೆ ಮುಂದೂಡಲಾಯಿತು’ ಎಂಬ ವಾಕ್ಯ. ಸಭೆಯಲ್ಲಿ ಕೋರಂ ಇಲ್ಲದಿದ್ದರೆ ವಿಷಯ ಸಾಯುವುದಿಲ್ಲ, ಇನ್ನೊಂದು ದಿನಕ್ಕೆ ಹೋಗುತ್ತದೆ. ಜನಮತಗಣನೆಯಲ್ಲಿ ಹಾಗಲ್ಲ. ಸಾಕಷ್ಟು ಜನ ಬರಲಿಲ್ಲವೆಂದರೆ ಪ್ರಸ್ತಾವ ಅಲ್ಲಿಗೇ ಬಿದ್ದುಹೋಯಿತು. ಒಂದೇ ಪದ ಎರಡೂ ಕಡೆ ಬಳಸಿದರೆ ಓದುಗ ‘ಹಾಗಾದರೆ ಮತ್ತೆ ಯಾವಾಗ?’ ಎಂದು ಕಾಯುತ್ತಾನೆ.

ಇದು ಬರೀ ಪದದ ಚೌಕಾಶಿ ಅಲ್ಲ ಎನ್ನಲು ಒಂದು ಜೋಡಿ ಉದಾಹರಣೆ ಕೊಡುತ್ತೇನೆ. 2013ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಮತ್ತು ಬರ್ಲಿನ್ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದವು: ಇಂಧನ ಜಾಲ ಮತ್ತೆ ಸಾರ್ವಜನಿಕ ಒಡೆತನಕ್ಕೆ ಬರಬೇಕೇ? (ಎರಡೂ ನಗರಗಳೇ, ಎರಡೂ ರಾಜ್ಯಗಳೇ, ಅಲ್ಲಿನ ವ್ಯವಸ್ಥೆ ಹಾಗೆ.) ಹ್ಯಾಂಬರ್ಗ್‌ನಲ್ಲಿ ಮತದಾನ ನಡೆದದ್ದು ಸೆಪ್ಟೆಂಬರ್ 22ರಂದು, ಸಂಸತ್ ಚುನಾವಣೆಯ ದಿನವೇ. ಜನ ಹೇಗೂ ಮತಗಟ್ಟೆಗೆ ಬಂದಿದ್ದರು. ‘ಹೌದು’ ಎಂದವರು ಶೇ. 50.9 ಮಾತ್ರ. ಪ್ರಸ್ತಾವ ಗೆದ್ದಿತು. ಬರ್ಲಿನ್ ಸರ್ಕಾರ ಅದೇ ದಿನ ಬೇಡವೆಂದು ನವೆಂಬರ್ 3ಕ್ಕೆ ಇಟ್ಟುಕೊಂಡಿತು. ಅಂದು ಬಂದವರು ಶೇ. 29. ಅವರಲ್ಲಿ ಶೇ. 83 ಮಂದಿ ‘ಹೌದು’ ಎಂದರು. ಪ್ರಸ್ತಾವ ಸೋತಿತು! ಪಟ್ಟಿಯಲ್ಲಿರುವವರ ಪೈಕಿ ಕನಿಷ್ಠ ಕಾಲುಭಾಗ ಒಪ್ಪಬೇಕೆಂಬುದು ಬರ್ಲಿನ್ ನಿಯಮ, ಸಿಕ್ಕಿದ್ದು ಶೇ. 24.1. ಇಪ್ಪತ್ತೊಂದು ಸಾವಿರದಷ್ಟು ಮತ ಕಡಿಮೆ ಬಿತ್ತು. ನನ್ನ ಮಟ್ಟಿಗೆ, ಅಲ್ಲಿ ತೀರ್ಪು ಕೊಟ್ಟದ್ದು ಮತಪೆಟ್ಟಿಗೆಗಿಂತ ಹೆಚ್ಚಾಗಿ ಕ್ಯಾಲೆಂಡರ್.

ಈಗ ಇದರ ಸುದ್ದಿಯನ್ನು ಕನ್ನಡದಲ್ಲಿ ಬರೆದು ನೋಡಿ. ‘ಶೇ. 83 ಜನ ಒಪ್ಪಿದರೂ ತಿರಸ್ಕೃತ’ ಎಂದರೆ ಏನೋ ಅನ್ಯಾಯ ನಡೆದಂತಿದೆ. ‘ಶೇ. 24 ಜನರ ಒಪ್ಪಿಗೆ ಮಾತ್ರ’ ಎಂದರೆ ನಾಲ್ವರಲ್ಲಿ ಮೂವರು ಬೇಡವೆಂದಂತಿದೆ. ಎರಡೂ ದಾರಿ ತಪ್ಪಿಸುತ್ತವೆ. ತಕರಾರು ಇರುವುದು ‘ಜನ’ ಎಂಬ ಪದದಲ್ಲಿ. ‘ಮತ ಹಾಕಿದವರಲ್ಲಿ ಶೇ. ಇಷ್ಟು’, ‘ಒಟ್ಟು ಮತದಾರರಲ್ಲಿ ಶೇ. ಇಷ್ಟು’ ಎಂದು ಬಿಡಿಸಿ ಹೇಳಿದರೆ ವಾಕ್ಯ ಉದ್ದವಾಗುತ್ತದೆ, ಆಗಲಿ.

‘ಗಣನೆ’ ಎಂಬ ಪದ ಇಲ್ಲಿ ಚೆನ್ನಾಗಿ ಒದಗುತ್ತದೆ ಅನ್ನಿಸುತ್ತದೆ. ಅದರಲ್ಲಿ ಎಣಿಕೆಯೂ ಇದೆ, ‘ಗಣನೆಗೆ ತೆಗೆದುಕೊಳ್ಳು’ ಎಂಬ ಅರ್ಥವೂ ಇದೆ. ಮನೆಯಲ್ಲೇ ಉಳಿದವನನ್ನು ಬರ್ಲಿನ್ ಗಣನೆಗೆ ತೆಗೆದುಕೊಳ್ಳುತ್ತದೆ, ಇಂಗ್ಲೆಂಡ್ ತೆಗೆದುಕೊಳ್ಳುವುದಿಲ್ಲ. 2012ರ ಮೇ 3ರಂದು ಇಂಗ್ಲೆಂಡಿನ ಹತ್ತು ನಗರಗಳಲ್ಲಿ ನೇರ ಆಯ್ಕೆಯ ಮೇಯರ್ ಬೇಕೇ ಎಂದು ಕೇಳಿದರು. ಬೇಕೆಂದದ್ದು ಬ್ರಿಸ್ಟಲ್ ಒಂದೇ. ಅಲ್ಲಿ ಮತದಾನ ಶೇ. 24, ‘ಹೌದು’ ಶೇ. 53. ಅಂದರೆ ಒಟ್ಟು ಮತದಾರರಲ್ಲಿ ಸುಮಾರು ಶೇ. 13 ಮಂದಿಯ ಮಾತಿನ ಮೇಲೆ ನಗರದ ಆಡಳಿತದ ಸ್ವರೂಪವೇ ಬದಲಾಯಿತು. ಹತ್ತು ವರ್ಷದ ನಂತರ, 2022ರಲ್ಲಿ, ಶೇ. 28.6 ಮತದಾನದಲ್ಲಿ ಶೇ. 59 ಮಂದಿ ಮೇಯರ್ ಬೇಡ, ಸಮಿತಿ ಪದ್ಧತಿ ಸಾಕು ಎಂದರು. ಆ ಹುದ್ದೆ ಹೋಯಿತು. ಬರ್ಲಿನ್ ನಿಯಮ ಇದ್ದಿದ್ದರೆ ಎರಡು ಸಲವೂ ಏನೂ ಆಗುತ್ತಿರಲಿಲ್ಲ. ಪ್ಯಾರಿಸ್ ಇನ್ನೂ ಒಂದು ಹೆಜ್ಜೆ ಮುಂದೆ: ಭಾರೀ ಎಸ್‌ಯುವಿ ಕಾರುಗಳ ಪಾರ್ಕಿಂಗ್ ಶುಲ್ಕ ಮೂರುಪಟ್ಟು ಮಾಡಬೇಕೇ ಎಂದು 2024ರ ಫೆಬ್ರವರಿಯಲ್ಲಿ ಕೇಳಿದಾಗ ಬಂದವರು ಶೇ. 5.7, ಒಪ್ಪಿದವರು ಅವರಲ್ಲಿ ಶೇ. 54.5. ಶುಲ್ಕ ಏರಿತು. ಅದು ಸಲಹಾರೂಪದ ಮತದಾನವಾದ್ದರಿಂದ ಅದಕ್ಕೆ ‘ಜನಾಭಿಪ್ರಾಯ ಸಂಗ್ರಹ’ ಎನ್ನುವುದೇ ಸರಿ, ‘ಜನಮತಗಣನೆ’ ಬೇಡ ಎಂಬುದು ನನ್ನ ಅಭಿಪ್ರಾಯ.

ನಿಜವಾದ ತೊಡಕು ಇರುವುದು ಷರತ್ತುಗಳು ಎರಡು ಬಗೆ ಎಂಬಲ್ಲಿ. ಒಂದು, ಇಷ್ಟು ಮಂದಿ ಬಂದಿರಬೇಕು ಎನ್ನುವುದು. ಇನ್ನೊಂದು, ಇಷ್ಟು ಮಂದಿ ಒಪ್ಪಿರಬೇಕು ಎನ್ನುವುದು. ಒಂದು ಲಕ್ಷ ಮತದಾರರ ಊರು ಎಂದುಕೊಳ್ಳಿ, ಅರ್ಧದಷ್ಟು ಜನ ಬರಲೇಬೇಕೆಂಬ ನಿಯಮ. 40 ಸಾವಿರ ಮಂದಿ ‘ಹೌದು’, 12 ಸಾವಿರ ಮಂದಿ ‘ಇಲ್ಲ’ ಎಂದರೆ ಮತದಾನ ಶೇ. 52, ಪ್ರಸ್ತಾವ ಗೆದ್ದಿತು. ಆ 12 ಸಾವಿರದಲ್ಲಿ 4 ಸಾವಿರ ಮಂದಿ ಮನೆಯಲ್ಲೇ ಉಳಿದಿದ್ದರೆ? ಮತದಾನ ಶೇ. 48ಕ್ಕೆ ಇಳಿದು ಪ್ರಸ್ತಾವ ಬೀಳುತ್ತಿತ್ತು. ಅಂದರೆ ಹೋಗಿ ‘ಇಲ್ಲ’ ಎಂದು ಒತ್ತಿದವರೇ ‘ಹೌದು’ ಪಕ್ಷವನ್ನು ಗೆಲ್ಲಿಸಿದರು. ಎರಡನೆಯ ಬಗೆಯ ನಿಯಮದಲ್ಲಿ ಈ ವಿಚಿತ್ರ ಇಲ್ಲ. ‘ಇಲ್ಲ’ ಎಂದವನ ಮತ ಎಂದೂ ಅವನಿಗೇ ತಿರುಗಿ ಬೀಳುವುದಿಲ್ಲ. ಆದರೂ ವಿರೋಧಿಗಳು ಸದ್ದುಮಾಡದೆ ಕೂತರೆ ಬಿಸಿ ಏರುವುದಿಲ್ಲ, ‘ಹೌದು’ ಎನ್ನುವವರೂ ಸೋಮಾರಿಗಳಾಗುತ್ತಾರೆ.

ಈ ಮನೆಯಲ್ಲೇ ಉಳಿಯುವ ತಂತ್ರಕ್ಕೂ ಪದ ಬೇಕು. ‘ಮತದಾನ ಬಹಿಷ್ಕಾರ’ ಹೊಂದುವುದಿಲ್ಲ: ರಸ್ತೆ ಮಾಡಿಕೊಡಲಿಲ್ಲ ಎಂದು ಊರಿಗೆ ಊರೇ ಮುನಿಸಿಕೊಂಡು ಕೂರುವುದು ಬಹಿಷ್ಕಾರ. ಅಲ್ಲಿ ಮತದಾನವನ್ನೇ ಒಪ್ಪದ ಸಿಟ್ಟಿದೆ. ಇಲ್ಲಿ ಸಿಟ್ಟಿಲ್ಲ, ಲೆಕ್ಕಾಚಾರ ಇದೆ. ನಿಯಮವನ್ನು ಒಪ್ಪಿಕೊಂಡೇ ಅದರೊಳಗೆ ಗೆಲ್ಲುವ ಆಟ. 2005ರಲ್ಲಿ ಇಟಲಿಯ ರಾಷ್ಟ್ರೀಯ ಜನಮತಗಣನೆಯಲ್ಲಿ ಕೃತಕ ಗರ್ಭಧಾರಣೆಯ ಕಾನೂನನ್ನು ಉಳಿಸಬೇಕೆಂದವರು ಮತ ಹಾಕಬೇಡಿ ಎಂದೇ ಪ್ರಚಾರ ಮಾಡಿದರು. ಅರ್ಧದಷ್ಟು ಮತದಾನ ಬೇಕಿದ್ದಲ್ಲಿ ನಡೆದದ್ದು ಶೇ. 26ರ ಆಸುಪಾಸು. ‘ಗೈರುಹಾಜರಿ’ ಎಂದರೆ ಬರೀ ಬಾರದಿರುವಿಕೆ, ಅದರಲ್ಲಿ ಉದ್ದೇಶ ಕಾಣುವುದಿಲ್ಲ. ‘ತಟಸ್ಥ’ ಅಂತೂ ಪೂರ್ತಿ ತಪ್ಪು, ಇವರು ತಟಸ್ಥರೇ ಅಲ್ಲ. ‘ಗೈರುತಂತ್ರ’ ಎಂದು ಬರೆದಿದ್ದೇನೆ; ಕಿವಿಗೆ ಅಷ್ಟು ಹಿತವಿಲ್ಲ, ಅರ್ಥವಂತೂ ಆಗುತ್ತದೆ.

ಮೊದಲ ಪ್ರಶ್ನೆಗೆ ‘ಮಿತಿ’ ಎಂಬ ಸಲಹೆ ಬರಬಹುದು. ಆದರೆ ಮಿತಿ ಎಂದರೆ ನಮಗೆ ದಾಟಬಾರದ ಮೇಲಂಚು, ವೇಗಮಿತಿ ವಯೋಮಿತಿಗಳ ಹಾಗೆ. ಇಲ್ಲಿ ಬೇಕಿರುವುದು ದಾಟಲೇಬೇಕಾದ ಕೆಳಗಿನ ಅಂಚು. ಸದ್ಯಕ್ಕೆ ಮೊದಲ ಬಗೆಗೆ ‘ಕನಿಷ್ಠ ಹಾಜರಿ’, ಎರಡನೆಯದಕ್ಕೆ ‘ಕನಿಷ್ಠ ಒಪ್ಪಿಗೆ’ ಎಂದು ಇಟ್ಟುಕೊಂಡಿದ್ದೇನೆ. ‘ಹಾಜರಿ’ ಎಂದರೆ ಶಾಲೆಯ ಪುಸ್ತಕ ನೆನಪಾಗುತ್ತದೆ ಎಂಬ ಆಕ್ಷೇಪ ಉಂಟು. ‘ಕನಿಷ್ಠ ಮತದಾನ’ ಎಂದರೆ ‘ಅತಿ ಕಡಿಮೆ ಮತದಾನ ನಡೆಯಿತು’ ಎಂಬ ಸುದ್ದಿಯಂತೆ ಕೇಳುತ್ತದೆ, ಅದಕ್ಕೇ ಬಿಟ್ಟೆ.

ಪಂಚಾಯತ್ ಅಥವಾ ಸಹಕಾರ ಸಂಘಗಳ ಚುನಾವಣೆ ನಡೆಸಿದ ಅನುಭವ ಇರುವವರು ಯಾರಾದರೂ, ‘ಇಷ್ಟು ಸದಸ್ಯರ ಒಪ್ಪಿಗೆ ಇರಲೇಬೇಕು’ ಎಂಬ ನಿಯಮಕ್ಕೆ ಕಡತಗಳಲ್ಲಿ ಯಾವ ಪದ ಬಳಸುತ್ತೀರಿ, ತಿಳಿಸುವಿರಾ?