ಕಣ್ಣೀರಿಟ್ಟವರೂ ಕಥೆಯನ್ನು ಮರೆಯುವುದೇಕೆ?

ಪ್ರಶ್ನೆ: ನಮ್ಮೂರಿನ ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಕಥೆ ಹೇಳುತ್ತೇನೆ. ಕೇಳುತ್ತ ಕಣ್ಣೊರೆಸಿಕೊಂಡವರೂ ಮುಂದಿನ ವಾರದ ಹೊತ್ತಿಗೆ ಕಥೆಯ ಎಳೆಯನ್ನು ಮರೆತಿರುತ್ತಾರೆ. ಭಾವವನ್ನು ಇನ್ನಷ್ಟು ಹೆಚ್ಚಿಸಬೇಕೇ?

ಉತ್ತರ 1: ಹೆಚ್ಚಿಸಬೇಡಿ, ಅದನ್ನು ಕಥೆಯ ಯಾವ ಗಳಿಗೆಯಲ್ಲಿ ನೆಲೆಗೊಳಿಸಬೇಕೆಂದು ಮೊದಲು ನಿರ್ಧರಿಸಿ. ನಾನು ತಾಳಮದ್ದಳೆಯಲ್ಲಿ, ಅಂದರೆ ಕುಳಿತು ನಡೆಸುವ ಯಕ್ಷಗಾನದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವವನು. ವೇಷವೂ ಕುಣಿತವೂ ಇಲ್ಲದ ಅಲ್ಲಿ ನಮಗಿರುವುದು ಮಾತೊಂದೇ. ಕುಂತಿ ಕರ್ಣನನ್ನು ಕಾಣಲು ಬರುವ ಸಂದರ್ಭದಲ್ಲಿ ಹೊಸಬರು ತಾಯ್ತನ, ವಿಧಿ, ಅನಾಥತನ ಎಂದೆಲ್ಲ ಗೋಳಾಡಿ ಸಭೆಯನ್ನು ಅಳಿಸಿಬಿಡುತ್ತಾರೆ. ಆದರೆ ಆ ಭೇಟಿಯಿಂದ ಕಥೆಯ ಮುಂದಿನ ನಡೆಗೆ ಬೇಕಾದದ್ದು ತೊಟ್ಟ ಬಾಣವನ್ನು ಮರಳಿ ತೊಡುವುದಿಲ್ಲವೆಂದು ಕರ್ಣ ಕೊಡುವ ಭಾಷೆ. ಆದ್ದರಿಂದ ನಾನು ಅಳುವಿನ ಮಾತುಗಳನ್ನೆಲ್ಲ ಬೇಗ ಮುಗಿಸಿ, ಕುಂತಿ ಅದನ್ನು ಬೇಡಿದಾಗ ಮಾತ್ರ "ಇಷ್ಟೇ ಸಾಕೇ, ಅಮ್ಮಾ?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ. ಮುಂದೆ ಯುದ್ಧದಲ್ಲಿ ಕರ್ಣ ಬಿಟ್ಟ ಸರ್ಪಾಸ್ತ್ರವು ಅರ್ಜುನನ ಕಿರೀಟವನ್ನಷ್ಟೇ ಕೆಡವಿ, ಮತ್ತೆ ತನ್ನನ್ನು ತೊಡೆಂದು ಬೇಡುತ್ತ ಮರಳಿದಾಗ, ಕರ್ಣ ಒಲ್ಲೆನೆನ್ನುವುದೇಕೆಂದು ಯಾರೂ ಸಭೆಗೆ ನೆನಪಿಸಬೇಕಾಗುವುದಿಲ್ಲ.

ಉತ್ತರ 2: ಮನಃಶಾಸ್ತ್ರ ಪಾಠ ಮಾಡುವ ನನಗೆ ಮೇಲಿನ ಮಾತು ಸರಿಯೆನಿಸುತ್ತದೆ. ಅಮೆರಿಕದ ಲ್ಯಾರಿ ಕಾಹಿಲ್, ಜೇಮ್ಸ್ ಮೆಕ್‌ಗಾ ಮೊದಲಾದವರು 1994ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಾಯಿಯೊಡನೆ ಹೊರಟ ಹುಡುಗನೊಬ್ಬ ಅಪಘಾತಕ್ಕೀಡಾಗುವ ಕಥೆಯನ್ನು ಚಿತ್ರಗಳ ಸಹಿತ ಹೇಳಿ, ವಾರದ ಬಳಿಕ ಕೇಳುಗರ ನೆನಪನ್ನು ಪರೀಕ್ಷಿಸಲಾಯಿತು. ಹೆಚ್ಚು ಉಳಿದದ್ದು ಅಪಘಾತದ ಭಾಗ. ಉದ್ವೇಗವಾದಾಗ ದೇಹದಲ್ಲಿ ಸ್ರವಿಸುವ ಅಡ್ರಿನಲಿನ್‌ನ ಪ್ರಭಾವವನ್ನು ತಡೆಯುವ ಪ್ರೊಪ್ರನೊಲಾಲ್ ಮಾತ್ರೆ ನುಂಗಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಅಂದರೆ ಉದ್ವೇಗದಿಂದ ಬಲಗೊಳ್ಳುವುದು ಉದ್ವೇಗಕ್ಕೆ ಕಾರಣವಾದ ಭಾಗವೇ ಹೊರತು ಇಡೀ ಕಥೆಯಲ್ಲ. ಅದರ ಅಂಚಿನಲ್ಲಿ ಹೇಳಿದ ಊರು, ಹೆಸರು, ಇಸವಿಗಳು ಇನ್ನಷ್ಟು ಮಸುಕಾಗುವುದೂ ಉಂಟು.

ಉತ್ತರ 3: ಕಾವ್ಯಮೀಮಾಂಸೆ ಓದಿಕೊಂಡವಳಾಗಿ ಒಂದು ಮಾತು ಸೇರಿಸುತ್ತೇನೆ. ಭಾವದ ಹೆಸರು ಹೇಳಿದ ಮಾತ್ರಕ್ಕೆ ರಸ (ಕೇಳುಗನಲ್ಲಿ ಮೂಡುವ ಭಾವಾನುಭವ) ಹುಟ್ಟದೆಂದು 9ನೆಯ ಶತಮಾನದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನೇ ವಾದಿಸಿದ್ದಾನೆ. "ಅವಳಿಗೆ ತುಂಬ ದುಃಖವಾಯಿತು" ಎಂಬ ವಾಕ್ಯವನ್ನು ಹೊಡೆದುಹಾಕಲು ಇಷ್ಟು ಸಾಕು. ಪೂರ್ಣವಾಗಿ ಅರಳಿದ ರಸವನ್ನು ಪದೇ ಪದೇ ಕೆದಕಿದರೆ ಅದು ಮುಟ್ಟಿ ಮುಟ್ಟಿ ಬಾಡಿದ ಹೂವಿನಂತಾಗುತ್ತದೆ ಎಂದೂ ಅವನು ಎಚ್ಚರಿಸುತ್ತಾನೆ. ನಮ್ಮ ಧಾರಾವಾಹಿಗಳ ವಿಷಯ ಇಲ್ಲಿ ಬೇಡ. ಮುಂದಿನ ವಾರ ನೀವು "ಕಥೆ ಏನಿತ್ತು?" ಎಂದು ಕೇಳುವ ಬದಲು "ಯಾವ ಗಳಿಗೆ ನೆನಪಿದೆ?" ಎಂದು ಕೇಳಿ ನೋಡಿ; ಭಾವ ನಿಜಕ್ಕೂ ಎಲ್ಲಿ ನಿಂತಿತ್ತೆಂಬುದು ಅವರ ಉತ್ತರದಿಂದಲೇ ತಿಳಿಯುತ್ತದೆ.